ರೀಲ್ ಅದಲುಬದಲಾದರೂ ಗೊತ್ತಾಗದ ಕಥೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಭಾನುವಾರದ ಪುರವಣಿಯಲ್ಲಿ ‘ಎಮ್ಯಾನುಯೆಲ್’ ಎಂಬ ಫ್ರೆಂಚ್ ಚಿತ್ರಸರಣಿಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. 1974ರಲ್ಲಿ ಶುರುವಾಗಿ 2024ರವರೆಗೂ ಬಾಲ ಬೆಳೆಸಿಕೊಂಡೇ ಬಂದ ವಯಸ್ಕರ ಸಿನಿಮಾಗಳು. ಲೇಖಕರು ಅವನ್ನು ಧೈರ್ಯದ ಸಿನಿಮಾ ಎಂದು ಹೊಗಳಿದ್ದರು, ಸರಣಿಯುದ್ದಕ್ಕೂ ನಾಯಕಿ ಬೆಳೆಯುತ್ತಾಳೆ ಎಂದು ಒಂದು ಸಾಲನ್ನೂ ಸೇರಿಸಿದ್ದರು. ಬುಧವಾರ ಇಬ್ಬರು ಓದುಗರು ಪತ್ರ ಬರೆದು, ಮನೆಮಂದಿಯೆಲ್ಲ ಓದುವ ಪೇಪರಿನಲ್ಲಿ ಇಂಥ ಹೊಲಸು ಯಾಕೆ ಎಂದು ಕೇಳಿದ್ದರು. ಎರಡನ್ನೂ ಓದಿದೆ. ಹೊಗಳಿದವರೂ ಬೈದವರೂ ಮಾತಾಡಿದ್ದು ಬಟ್ಟೆಯ ಬಗ್ಗೆ. ಆ ಒಂದು ಸಾಲು ಬಿಟ್ಟರೆ ಕಥೆಯ ಬಗ್ಗೆ ಒಬ್ಬರೂ ಚಕಾರ ಎತ್ತಿಲ್ಲ. ನನ್ನ ತಕರಾರು ಇರುವುದೇ ಕಥೆಯ ಮೇಲೆ.

ನಾನು ಸಿನಿಮಾ ಪಂಡಿತನಲ್ಲ. ಆ ಮೊದಲ ಸಿನಿಮಾ ಪ್ಯಾರಿಸ್ಸಿನಲ್ಲಿ ಬಿಡುಗಡೆಯಾದ ವರ್ಷವೇ, ಹತ್ತೊಂಬತ್ತನೇ ವಯಸ್ಸಿನಲ್ಲಿ, ನಮ್ಮ ಮೆಜೆಸ್ಟಿಕ್ ಕಡೆಯ ಒಂದು ಟಾಕೀಸಿಗೆ ಅಸಿಸ್ಟೆಂಟ್ ಆಪರೇಟರ್ ಆಗಿ ಸೇರಿದೆ. ಮೂವತ್ತೆಂಟು ವರ್ಷ ಪ್ರೊಜೆಕ್ಟರ್ ಓಡಿಸಿದೆ. ಟಾಕೀಸಿನ ಹೆಸರು ಬೇಡ, ಈಗ ಅದೂ ಇಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಮ್ಯಾಟಿನಿ, ಫಸ್ಟ್ ಶೋ, ಸೆಕೆಂಡ್ ಶೋ ಕನ್ನಡ ಪಿಕ್ಚರ್. ಬೆಳಗಿನ ಆಟಕ್ಕೆ ಮಾತ್ರ ‘ಎ’ ಸರ್ಟಿಫಿಕೇಟಿನ ಯಾವುದೋ ಇಂಗ್ಲಿಷ್ ಪಿಕ್ಚರೋ ಡಬ್ಬಿಂಗ್ ಪಿಕ್ಚರೋ ಬರುತ್ತಿತ್ತು. ಅವನ್ನೂ ನಾನೇ ಓಡಿಸಿದವನು. ಮುಚ್ಚಿಡುವುದೇನಿದೆ, ಸಂಬಳ ಎರಡಕ್ಕೂ ಸೇರಿಯೇ ಬರುತ್ತಿತ್ತು.

ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಕಥೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ ಇತ್ತು. ಪ್ರೊಜೆಕ್ಟರ್ ಸದ್ದಿನಲ್ಲಿ ಕೆಳಗಿನ ಮಾತು ಸರಿಯಾಗಿ ಕೇಳಿಸದು. ಆದರೆ ಗೋಡೆಯ ಕಿಂಡಿಯಿಂದ ಇಡೀ ಹಾಲ್ ಕಾಣುತ್ತದೆ. ಆಗೆಲ್ಲ ಜನ ಒಳಗೇ ಬೀಡಿ ಸೇದುತ್ತಿದ್ದರು, ಬೋರ್ಡ್ ಹಾಕಿದ್ದರೂ ಕೇಳುತ್ತಿರಲಿಲ್ಲ. ಕಥೆ ಬಿಗಿಯಾಗಿದ್ದಾಗ ಒಂದು ಬೆಂಕಿಕಡ್ಡಿಯೂ ಹೊತ್ತುತ್ತಿರಲಿಲ್ಲ. ಕಥೆ ಸಡಿಲವಾಯಿತೋ, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಮಿಣುಕು ಹುಳದ ಹಾಗೆ ಚುಕ್ಕಿಗಳು. ರಾಜ್‌ಕುಮಾರ್ ಪಿಕ್ಚರಿನ ಕೊನೆಯ ರೀಲಿನಲ್ಲಿ ಕತ್ತಲೆಯೆಂದರೆ ಕತ್ತಲೆ. ಬೆಳಗಿನ ಆಟದಲ್ಲಿ ತಮಾಷೆ ಏನೆಂದರೆ, ಜನ ಯಾವುದಕ್ಕೆ ಟಿಕೆಟ್ ತೆಗೆದು ಬಂದರೋ ಆ ಸೀನು ಬಂದಾಗ ಮೊದಲು ಎರಡು ನಿಮಿಷ ಕತ್ತಲೆ, ಮೂರನೇ ನಿಮಿಷಕ್ಕೆ ಬೀಡಿ. ಅದೇ ಸೀನು ನಾಲ್ಕನೇ ಸಲ ಬರುವ ಹೊತ್ತಿಗೆ ಅರ್ಧ ಹಾಲ್ ಹೊಗೆ. ಅಂದರೆ ಅವರಿಗೂ ಬೇಜಾರಾಗುತ್ತಿತ್ತು, ಅಲ್ವಾ?

ಒಂದು ಘಟನೆ ಹೇಳುತ್ತೇನೆ. ಎಂಬತ್ತರ ದಶಕ. ಊರೂರು ಸುತ್ತಿ ಸವೆದ ಒಂದು ಡಬ್ಬಿಂಗ್ ಪಿಕ್ಚರಿನ ಪ್ರಿಂಟ್ ಬಂತು. ಡಬ್ಬಿಗಳ ಮೇಲಿನ ಚೀಟಿ ಕಿತ್ತುಹೋಗಿತ್ತು, ರೀಲಿನ ತುದಿಯಲ್ಲಿ ನಂಬರ್ ಬರೆದಿರುವ ಭಾಗವೂ ಹರಿದುಹೋಗಿತ್ತು. ಒಂದು ರೀಲ್ ಎಂದರೆ ಎರಡು ಸಾವಿರ ಅಡಿ, ಪರದೆಯ ಮೇಲೆ ಇಪ್ಪತ್ತೊಂದು ಇಪ್ಪತ್ತೆರಡು ನಿಮಿಷ. ನಾನು ಅಂದಾಜಿನ ಮೇಲೆ ಹಾಕಿದೆ. ಎರಡನೆಯದು ಇರಬೇಕಾದ ಕಡೆ ನಾಲ್ಕನೆಯದು ಹೋಯಿತು. ನನಗೆ ಗೊತ್ತಾಗಿದ್ದೇ ಸಾಯಬೇಕಾದ ಮನುಷ್ಯ ಮೊದಲೇ ಸತ್ತು, ಆಮೇಲೆ ಬಂದು ಕಾಫಿ ಕುಡಿದಾಗ. ಇವತ್ತು ಕುರ್ಚಿ ಮುರಿಯುತ್ತಾರೆ ಎಂದುಕೊಂಡು ಬಾಗಿಲಿನ ಚಿಲಕ ಹಾಕಿದೆ. ಒಂದು ಸಿಳ್ಳೆಯೂ ಬರಲಿಲ್ಲ. ಆಟ ಬಿಟ್ಟ ಮೇಲೆ ಒಬ್ಬರೇ ಒಬ್ಬರು ಗೇಟ್ ಕೀಪರನ್ನು ಕೇಳಿದರಂತೆ, ಆಯಪ್ಪನಿಗೆ ಅಣ್ಣ ತಮ್ಮ ಯಾರಾದರೂ ಇದ್ದನಾ ಎಂದು. ವಾರವಿಡೀ ಅದೇ ಕ್ರಮದಲ್ಲಿ ಓಡಿಸಿದೆ, ಸರಿಮಾಡಲು ಹೋಗಲಿಲ್ಲ. ಅದೇ ಸಂಜೆ ಆಟದ ಕನ್ನಡ ಪಿಕ್ಚರಿನಲ್ಲಿ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಉರಿದು ಮುಗಿದು ಪರದೆ ಅರ್ಧ ನಿಮಿಷ ಮಂಕಾಗಿದ್ದಕ್ಕೆ ನನ್ನ ತಾಯಿಯವರೆಗೂ ಬೈಗುಳ ಹೋಗಿತ್ತು.

ಅವತ್ತಿನಿಂದ ನನಗೆ ಇದೇ ಪರೀಕ್ಷೆ. ರೀಲ್ ಅದಲುಬದಲು ಮಾಡಿದರೆ ಜನಕ್ಕೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅಲ್ಲಿ ಕಥೆ ಇಲ್ಲ, ಸುಮ್ನೆ ಸೀನುಗಳು ಇವೆ.

ನಿಮ್ಮ ಲೇಖನ ಓದಿದ ಮೇಲೆ ಹಳೇ ಡಿಸ್ಕ್ ಕೂಡಿಡುವ ನನ್ನ ಗೆಳೆಯನ ಹತ್ತಿರ ಹೋಗಿ ಈ ಸರಣಿಯನ್ನು ತಂದೆ. ಮೊದಲನೆಯದನ್ನು ಬಹಳ ಹಿಂದೆ ಒಂದು ವಿಡಿಯೋ ಪಾರ್ಲರಿನಲ್ಲಿ ನೋಡಿದ್ದೆ, ಗೆರೆ ಬಿದ್ದ ಕ್ಯಾಸೆಟ್. ಕಥೆ ಅಲ್ಲಲ್ಲಿ ಹಾರಿದಾಗ, ಯಾರೋ ಕತ್ತರಿ ಹಾಕಿದ್ದಾರೆ ಎಂದು ಬೈದುಕೊಂಡಿದ್ದೆ. ಈಗ ಪೂರ್ತಿ ನೋಡಿದೆ. ಪಾಪ, ಕತ್ತರಿಯದೇನೂ ತಪ್ಪಿಲ್ಲ. ತೂತು ಮೂಲದಲ್ಲೇ ಇದೆ.

ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, “ಈ ವಯಸ್ಸಲ್ಲಿ ಏನ್ರೀ ಇದು?” ಎಂದಳು. ಪೇಪರಿಗೆ ಕಾಗದ ಬರೀಬೇಕು ಎಂದೆ. ನಂಬಲಿಲ್ಲ. ಅವರೆಕಾಯಿ ಬುಟ್ಟಿ ತಂದು ಪಕ್ಕದಲ್ಲೇ ಕುಳಿತಳು, ಕಾವಲಿಗೆ.

ಮೊದಲ ಸಿನಿಮಾದ ಕಥೆ ಇಷ್ಟು. ಬ್ಯಾಂಕಾಕಿನ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುವ ಗಂಡನನ್ನು ಸೇರಲು ಎಮ್ಯಾನುಯೆಲ್ ಎಂಬ ಹುಡುಗಿ ಬರುತ್ತಾಳೆ. ಗಂಡನಿಗೆ ಹೆಂಡತಿ ಸ್ವತಂತ್ರವಾಗಿ ಇರಬೇಕೆಂಬ ಆಸೆ. ಅವಳು ಅವರಿವರನ್ನು ಭೇಟಿ ಮಾಡುತ್ತಾಳೆ. ಕೊನೆಗೆ ಮಾರಿಯೋ ಎಂಬ ವಯಸ್ಸಾದ ಮನುಷ್ಯ ಸಿಕ್ಕಿ ಪ್ರೇಮದ ಬಗ್ಗೆ ಉಪನ್ಯಾಸ ಕೊಡುತ್ತಾನೆ. ನಿರ್ದೇಶಕ ಜುಸ್ತ್ ಜೆಕಾ ಮೂಲತಃ ಫ್ಯಾಷನ್ ಫೋಟೋಗ್ರಾಫರ್. ನೋಡಿದ ಕೂಡಲೇ ಗೊತ್ತಾಗುತ್ತದೆ. ಬೆಳಕು, ಸೊಳ್ಳೆಪರದೆ, ಆ ದೊಡ್ಡ ಬೆತ್ತದ ಕುರ್ಚಿ, ಪಿಯೆರ್ ಬಾಶಲೆಯ ಸಂಗೀತ, ಒಂದೊಂದೂ ಕ್ಯಾಲೆಂಡರಿಗೆ ಹಾಕಬಹುದು. ನಾಯಕಿ ಸಿಲ್ವಿಯಾ ಕ್ರಿಸ್ಟೆಲ್ ಹಾಲೆಂಡಿನವಳು. ಮುಖದಲ್ಲಿ ಏನೋ ಒಂದು ಅಳುಕು, ಒಂದು ನಾಚಿಕೆ ಇದೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾ ನಿಂತಿರುವುದು ಆ ಮುಖದ ಮೇಲೆ, ಬೇರೆ ಯಾವುದರ ಮೇಲೂ ಅಲ್ಲ.

ಆದರೆ ಈ ಹುಡುಗಿಗೆ ಏನು ಬೇಕು? ಅದನ್ನು ಯಾರೂ ಹೇಳುವುದಿಲ್ಲ. ಗಂಡನಿಗೆ ಏನು ಬೇಕು ಗೊತ್ತು, ಮಾರಿಯೋಗೆ ಏನು ಬೇಕು ಗೊತ್ತು, ಅವಳಿಗೆ ಏನು ಬೇಕು ಎಂಬುದೇ ಕಥೆಯಲ್ಲಿ ಇಲ್ಲ. ಎಲ್ಲರೂ ಅವಳ ಕೈಹಿಡಿದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರೆ, ಮನೆ ತೋರಿಸುವ ಬ್ರೋಕರ್ ಹಾಗೆ. ನನ್ನ ಹೆಂಡತಿ ಅವರೆ ಸುಲಿಯುತ್ತಾ ಕೇಳಿದಳು: “ಇವಳಿಗೆ ಬೇರೆ ಕೆಲಸ ಇಲ್ವಾ? ಮನೇಲಿ ಅಡುಗೆ ಯಾರು ಮಾಡ್ತಾರೆ?” ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಅದು ನಗುವ ಪ್ರಶ್ನೆಯೇ ಅಲ್ಲ. ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಬಾಗಿಲು ತೆರೆಯುವವರು ಎಲ್ಲ ಆ ಊರಿನ ಜನ. ಅವರು ಪರದೆಯ ಮೇಲೆ ಇರುವುದು ಬೆತ್ತದ ಕುರ್ಚಿ ಇರುವ ಹಾಗೆ. ಕಥೆ ನಡೆಯುವುದು ಅವರ ಊರಿನಲ್ಲಿ, ಮನಸ್ಸು ಇರುವುದು ಬಂದವರಿಗೆ ಮಾತ್ರ. ನಾಳೆ ಯಾರಾದರೂ ಬಂದು ಚಿಕ್ಕಪೇಟೆಯಲ್ಲಿ ಹೀಗೆ ಸಿನಿಮಾ ತೆಗೆದು, ನಮ್ಮನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಹೇಗಿರುತ್ತದೆ?

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕೊನೆಯ ಭಾಗದಲ್ಲಿ ಮಾರಿಯೋ ಅವಳನ್ನು ಒಂದು ಅಫೀಮಿನ ಅಡ್ಡೆಗೆ ಕರೆದೊಯ್ಯುತ್ತಾನೆ. ಅಲ್ಲಿ ಅವಳ ಮೇಲೆ ಬಲಾತ್ಕಾರ ನಡೆಯುತ್ತದೆ, ಇವನು ನಿಂತು ನೋಡುತ್ತಾನೆ. ಸಿನಿಮಾ ಅದನ್ನೂ ಪಾಠದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಇದು ನೀತಿಯ ಪ್ರಶ್ನೆ ಹೌದು, ಬುಧವಾರದ ಪತ್ರಗಳು ಇದನ್ನು ಹಿಡಿದಿದ್ದರೆ ನಾನೂ ಸಹಿ ಹಾಕುತ್ತಿದ್ದೆ. ಕಥೆಯ ಪ್ರಶ್ನೆಯೂ ಹೌದು. ಅಷ್ಟು ದೊಡ್ಡ ಪೆಟ್ಟು ಬಿದ್ದ ಮೇಲೆ ಪಾತ್ರಕ್ಕೆ ನೋವಾಗಬೇಕು, ಸಿಟ್ಟು ಬರಬೇಕು, ಕನಿಷ್ಠ ಒಂದು ರಾತ್ರಿ ನಿದ್ದೆ ಕೆಡಬೇಕು. ಇಲ್ಲಿ ಏನೂ ಆಗುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ನೀರು ಮುಂದೆ ಹೋಗುತ್ತದೆ, ಹುಳಿ ಎಲ್ಲೂ ಇಲ್ಲ.

ಎರಡನೆಯದು 1975ರದು. ನಿರ್ದೇಶಕ ಬದಲು, ಅವನೂ ಫೋಟೋಗ್ರಾಫರ್. ಈ ಸಲ ಎಮ್ಯಾನುಯೆಲ್ ಹಡಗಿನಲ್ಲಿ ಹಾಂಗ್‌ಕಾಂಗಿಗೆ ಬರುತ್ತಾಳೆ. ಯಾಕೆ? ಗಂಡನನ್ನು ಸೇರಲು. ಮತ್ತೆ! ಬ್ಯಾಂಕಾಕಿನಲ್ಲಿ ಕಲಿತದ್ದು, ಮಾರಿಯೋ ಕೊಟ್ಟ ಉಪನ್ಯಾಸ, ಆ ಅಡ್ಡೆ, ಎಲ್ಲವೂ ಸ್ಲೇಟಿನ ಮೇಲಿನ ಬರಹದ ಹಾಗೆ ಅಳಿಸಿಹೋಗಿದೆ. ಗಂಡನ ಹೆಸರು ಅದೇ, ಮುಖ ಬೇರೆ. ಮೊದಲನೆಯದರಲ್ಲಿ ಡೇನಿಯಲ್ ಸಾರ್ಕಿ, ಇಲ್ಲಿ ಉಂಬರ್ತೋ ಒರ್ಸಿನಿ. ನಮ್ಮ ಧಾರಾವಾಹಿಗಳಲ್ಲಾದರೆ ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು ಎಂದು ಕೆಳಗೆ ಒಂದು ಸಾಲು ಓಡಿಸುತ್ತಾರೆ. ಆ ಮರ್ಯಾದೆಯೂ ಇಲ್ಲ.

ಒಂದೇ ಕಡೆಯಿಂದ ಮತ್ತೆ ಮತ್ತೆ ಶುರು ಮಾಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇತಾಳನ ಕಥೆ ನೋಡಿ. ಪ್ರತಿ ಸಲವೂ ಹೆಣ ಮರಕ್ಕೇ ಹೋಗಿ ನೇತಾಡುತ್ತದೆ, ವಿಕ್ರಮ ಹೆಗಲಿಗೆ ಹಾಕಿಕೊಂಡೇ ಬರುತ್ತಾನೆ. ಆದರೆ ಪ್ರತಿ ಸಲವೂ ಪ್ರಶ್ನೆ ಬೇರೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ ಎಂಬ ಹೆದರಿಕೆ ಬೇರೆ. ಎಮ್ಯಾನುಯೆಲ್‌ಗೆ ಹೆದರಿಕೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಊರು ಮಾತ್ರ ಬದಲಾಗುತ್ತದೆ. ಬ್ಯಾಂಕಾಕ್, ಹಾಂಗ್‌ಕಾಂಗ್, ಸೇಶೆಲ್ಸ್, ಬ್ರೆಜಿಲ್. ಹಾಡಿಗೊಂದು ದೇಶ ಸುತ್ತುವ ನಮ್ಮ ಗಾಂಧಿನಗರದವರಿಗೆ ಈ ರೋಗ ಹೊಸದೇನಲ್ಲ.

ಮೂರನೆಯದನ್ನು ಹಾಕಿದಾಗ ರಾತ್ರಿ ಎಂಟೂವರೆ. ‘ಗುಡ್‌ಬೈ ಎಮ್ಯಾನುಯೆಲ್’, 1977, ಸೇಶೆಲ್ಸ್ ದ್ವೀಪದಲ್ಲಿ ನಡೆಯುವ ಕಥೆ, ಸಂಗೀತ ಸೆರ್ಜ್ ಗೇನ್ಸ್‌ಬೂರ್. ಗಂಡ ಹೆಂಡತಿ ತಮ್ಮ ಒಪ್ಪಂದದಂತೆ ಹಾಯಾಗಿದ್ದಾರೆ. ಸಿನಿಮಾ ತೆಗೆಯಲು ಜಾಗ ಹುಡುಕಿಕೊಂಡು ಒಬ್ಬ ಬರುತ್ತಾನೆ. ಅವಳು ಅವನನ್ನು ನಿಜಕ್ಕೂ ಪ್ರೀತಿಸಿಬಿಡುತ್ತಾಳೆ. ಅಲ್ಲಿಯವರೆಗೆ ಸ್ವಾತಂತ್ರ್ಯದ ಭಾಷಣ ಬಿಗಿಯುತ್ತಿದ್ದ ಗಂಡನಿಗೆ ತಡೆಯಲಾಗುವುದಿಲ್ಲ. ನನ್ನ ಹೆಂಡತಿಯ ಕೈ ಅವರೆಕಾಯಿ ಮೇಲೆ ನಿಂತುಬಿಟ್ಟಿತು. “ಇದು ಪರವಾಗಿಲ್ಲ ಕಣ್ರೀ, ಗಂಡನಿಗೆ ಹೊಟ್ಟೆ ಉರೀತಿದೆ,” ಎಂದಳು.

ಅಷ್ಟೇ ನೋಡಿ ಬೇಕಾಗಿದ್ದದ್ದು. ಒಬ್ಬರಿಗೆ ಹೊಟ್ಟೆ ಉರಿಯಬೇಕು. ಇಲ್ಲಿ ದೇಹಕ್ಕೆ ಬೆಲೆ ಬಂದಿದ್ದು ಬಟ್ಟೆ ತೆಗೆದಿದ್ದರಿಂದ ಅಲ್ಲ, ಒಬ್ಬನಿಗೆ ನೋವಾದ್ದರಿಂದ. ಹಿಂದಿನ ಎರಡು ಸಿನಿಮಾಗಳ ಮಾತುಗಳಿಗೆ ಇಲ್ಲಿ ಲೆಕ್ಕ ಕೇಳಿದ್ದಾರೆ. ಈ ಸಿನಿಮಾದ ರೀಲ್ ಅದಲುಬದಲು ಮಾಡಿದರೆ ಖಂಡಿತ ಸಿಳ್ಳೆ ಬೀಳುತ್ತದೆ. ಕೊನೆಯಲ್ಲಿ ಅವಳು ಗಂಡನನ್ನು ಬಿಟ್ಟು ಹೊರಡುತ್ತಾಳೆ. ಹೆಸರಿನಲ್ಲೇ ವಿದಾಯ ಇದೆ. ಸರಣಿ ಇಲ್ಲಿಗೆ ಮುಗಿದಿದ್ದರೆ ಈ ಕಾಗದ ಅರ್ಧಕ್ಕೇ ನಿಲ್ಲುತ್ತಿತ್ತು.

ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸುತ್ತಾರೆ? ಮೊದಲನೆಯದು ಪ್ಯಾರಿಸ್ಸಿನ ಶಾಂಜೆಲಿಜೆ ರಸ್ತೆಯ ಒಂದೇ ಚಿತ್ರಮಂದಿರದಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಓಡಿತು. ಅಲ್ಲಿ ಅದನ್ನೇ ದಿನಾ ಓಡಿಸಿದ ಆಪರೇಟರ್ ಯಾರೋ ಗೊತ್ತಿಲ್ಲ, ಆ ಪುಣ್ಯಾತ್ಮನಿಗೆ ನನ್ನ ನಮಸ್ಕಾರ. ಇಟಲಿಯವರಂತೂ 1975ರಲ್ಲೇ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ‘ಎಂ’ ಕಡಿಮೆ ಮಾಡಿ, ‘ಬ್ಲ್ಯಾಕ್ ಇಮ್ಯಾನುಯೆಲ್’ ಎಂದು ಬೇರೆಯೇ ಸರಣಿ ಶುರು ಮಾಡಿದರು, ಲಾರಾ ಗೆಮ್ಸರ್ ನಾಯಕಿ. ಒಂದು ಅಕ್ಷರ ಕಡಿಮೆ, ಕೋರ್ಟಿನ ಕಾಟ ಕಡಿಮೆ.

ನಾಲ್ಕನೆಯದು, 1984. ಕ್ರಿಸ್ಟೆಲ್‌ಗೆ ಆಗ ಮೂವತ್ತು ದಾಟಿತ್ತು. ಕಥೆ ಕಟ್ಟಿದವರು ಏನು ಮಾಡಿದರು ಗೊತ್ತಾ? ಪ್ರಿಯಕರನಿಂದ ತಪ್ಪಿಸಿಕೊಳ್ಳಲು ನಾಯಕಿ ಬ್ರೆಜಿಲ್‌ಗೆ ಹೋಗಿ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಳ್ಳುತ್ತಾಳೆ. ಬ್ಯಾಂಡೇಜ್ ಬಿಚ್ಚಿದರೆ ಮಿಯಾ ನೀಗ್ರೆನ್ ಎಂಬ ಬೇರೆ ನಟಿ. ಧಾರಾವಾಹಿಯ ಆ ಕೆಳಗಿನ ಸಾಲು ಎಷ್ಟೋ ವಾಸಿ ಎನಿಸಿತು. ಇದಕ್ಕಿಂತ ದುಃಖದ ಸಂಗತಿ ಎಂದರೆ ಇಲ್ಲಿ ಒಂದು ಒಳ್ಳೆಯ ಕಥೆ ಕೈಗೆ ಸಿಕ್ಕಿತ್ತು. ಮುಖ ಬದಲಾದ ಹೆಂಗಸು ಹಳೆಯ ಪ್ರಿಯಕರನ ಎದುರು ಬಂದು ನಿಂತರೆ ಅವನಿಗೆ ಗುರುತು ಸಿಗುತ್ತದಾ? ಸಿಗಬೇಕೆಂದು ಅವಳಿಗೆ ಆಸೆಯಾ, ಭಯವಾ? ನಮ್ಮ ಯಾವುದಾದರೂ ಯಕ್ಷಗಾನ ಮೇಳಕ್ಕೆ ಈ ಎಳೆ ಕೊಟ್ಟಿದ್ದರೆ ಬೆಳಗಿನ ಜಾವದವರೆಗೆ ಎಳೆದು ಅಳಿಸಿಬಿಡುತ್ತಿದ್ದರು. ಇವರು ಅದನ್ನು ಪಕ್ಕಕ್ಕೆ ಇಟ್ಟು ಮತ್ತೆ ಕೋಣೆ ತೋರಿಸಲು ಹೊರಟರು.

ಐದು 1987ರದು, ಆರು 1988ರದು. ಐದರ ನಿರ್ದೇಶಕ ವಲೇರಿಯನ್ ಬೊರೊವ್‌ಚಿಕ್ ಹೆಸರು ಮಾಡಿದವನು, ಆದರೂ ಈ ಗಾಡಿಯನ್ನು ಅವನೂ ಎತ್ತಲಾಗಲಿಲ್ಲ. ಎರಡರಲ್ಲೂ ನಾಯಕಿಯರು ಹೊಸಬರು. ಆರರಲ್ಲಿ ಎಮ್ಯಾನುಯೆಲ್‌ಗೆ ಮರೆವಿನ ಕಾಯಿಲೆ, ಹಿಂದಿನದೇನೂ ನೆನಪಿಲ್ಲ. ಐದು ಸಿನಿಮಾದಿಂದ ಬರೆಯುವವರಿಗೆ ಇದ್ದ ಕಾಯಿಲೆ ಪಾಪ ಅವಳಿಗೂ ಅಂಟಿತು. ನನ್ನ ಗೆಳೆಯ ಈ ಎರಡು ಡಿಸ್ಕುಗಳನ್ನು ಒಂದರ ಕವರಿನಲ್ಲಿ ಇನ್ನೊಂದು ಹಾಕಿಟ್ಟಿದ್ದ. ನಾನು ಆರನ್ನು ಮೊದಲು ನೋಡಿ, ಐದು ಎಂದೇ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮೂವತ್ತೆಂಟು ವರ್ಷ ರೀಲ್ ಜೋಡಿಸಿದ ನನಗೇ ಗೊತ್ತಾಗಲಿಲ್ಲ.

ಏಳನೆಯದರಲ್ಲಿ, 1993ರಲ್ಲಿ, ಕ್ರಿಸ್ಟೆಲ್ ವಾಪಸು ಬಂದಳು, ವರ್ಚುವಲ್ ರಿಯಾಲಿಟಿ ಜೊತೆಗೆ. ಅದೇ ಹೊತ್ತಿಗೆ ಟಿವಿಗೆ ಮಾಡಿದ ಸಿನಿಮಾಗಳೂ ಬಂದವು. ಆ ಟಿವಿ ಸಿನಿಮಾಗಳಲ್ಲಿ ವಯಸ್ಸಾದ ಎಮ್ಯಾನುಯೆಲ್ ವಿಮಾನದಲ್ಲಿ ಮಾರಿಯೋ ಪಕ್ಕ ಕುಳಿತು ಹಳೆಯ ಕಥೆ ಹೇಳುತ್ತಾಳೆ. ಈ ಮಾರಿಯೋ ಯಾರು ಎಂದರೆ 1969ರಲ್ಲಿ ಒಂದೇ ಒಂದು ಸಲ ಜೇಮ್ಸ್ ಬಾಂಡ್ ಆಗಿದ್ದ ಜಾರ್ಜ್ ಲೇಜನ್‌ಬಿ! 1994ರಲ್ಲಿ ಎಮ್ಯಾನುಯೆಲ್ ಹೆಸರು ಅಂತರಿಕ್ಷಕ್ಕೇ ಹೋಯಿತು, ಬೇರೆ ಗ್ರಹದವರ ಜೊತೆ. ಅಷ್ಟು ಹೊತ್ತಿಗೆ ಹೆಂಡತಿ ಮಲಗಿದ್ದಳು. ನಾನೂ ಇಪ್ಪತ್ತು ನಿಮಿಷಕ್ಕೆ ಆರಿಸಿದೆ.

2024ರದನ್ನು ಮಾತ್ರ ಬೇರೆ ಇಡಬೇಕು. ಆಡ್ರಿ ದಿವಾನ್ ಎಂಬ ಹೆಂಗಸು ನಿರ್ದೇಶಿಸಿದ್ದು. 2021ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಪಡೆದವರು. ಇಲ್ಲಿ ಎಮ್ಯಾನುಯೆಲ್ ಯಾರ ಹೆಂಡತಿಯಾಗಿಯೂ ಬರುವುದಿಲ್ಲ. ಹಾಂಗ್‌ಕಾಂಗಿನ ಒಂದು ಐಷಾರಾಮಿ ಹೋಟೆಲಿನ ಗುಣಮಟ್ಟ ಪರೀಕ್ಷಿಸಲು ಬಂದವಳು. ಕೆಲಸ ಇದೆ, ನೋಡಿ! ಸುಖ ಎಂಬುದೇ ಕಳೆದುಹೋಗಿದೆ, ಅದನ್ನು ಹುಡುಕುತ್ತಿದ್ದಾಳೆ. ಐವತ್ತು ವರ್ಷ ಆದ ಮೇಲೆ ಅವಳಿಗೆ ಏನು ಬೇಕು ಎಂದು ಒಬ್ಬರು ಕೇಳಿದರು. ಸಿನಿಮಾ ತಣ್ಣಗಿದೆ, ಹೋಟೆಲಿನ ಏಸಿಯ ಹಾಗೆ, ಮಧ್ಯದಲ್ಲಿ ನನಗೆ ಎರಡು ಸಲ ತೂಕಡಿಕೆ ಬಂತು. ಆದರೆ ಪ್ರಶ್ನೆ ಸರಿಯಾದದ್ದು.

ಈ ಪ್ರಶ್ನೆಯನ್ನು ಕನ್ನಡದಲ್ಲಿ 1973ರಲ್ಲೇ ಕೇಳಿದ್ದರು ಎಂದು ನಿಮ್ಮ ಲೇಖಕರಿಗೆ ನೆನಪಿಸಬೇಕು. ಮೊದಲ ಎಮ್ಯಾನುಯೆಲ್‌ಗಿಂತ ಒಂದು ವರ್ಷ ಮುಂಚೆ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’, ಭಾರತೀಸುತರ ಕಾದಂಬರಿ. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡ, ದಾಂಪತ್ಯ ಸುಖ ಇಲ್ಲದ ಹೆಂಡತಿ ಮಾಧವಿ, ಅವಳ ಮನಸ್ಸು ಒಬ್ಬ ಹುಡುಗನ ಕಡೆ ವಾಲುವುದು. ವಿಷಯ ಅದೇ, ಮದುವೆಯಾದ ಹೆಂಗಸಿನ ಆಸೆ. ಹಳೇ ಪ್ರಿಂಟನ್ನು ನಾನು ಎರಡು ವಾರ ಓಡಿಸಿದ್ದೇನೆ. ಜಯಂತಿ ಅವರು ಸುಮ್ಮನೆ ನಿಂತು ನೋಡುವ ಸೀನಿನಲ್ಲಿ ಹಾಲಿನಲ್ಲಿ ಒಂದು ಬೆಂಕಿಕಡ್ಡಿ ಹೊತ್ತಲಿಲ್ಲ. ಯಾಕೆಂದರೆ ಅವಳು ಒಂದು ಹೆಜ್ಜೆ ಇಟ್ಟರೆ ಗಂಡನಿಗೆ ಏನಾಗುತ್ತದೆ, ತಂಗಿಗೆ ಏನಾಗುತ್ತದೆ, ಅವಳಿಗೇ ಏನಾಗುತ್ತದೆ ಎಂದು ಕೊನೆಯ ಬೆಂಚಿನವನಿಗೂ ಗೊತ್ತಿತ್ತು. ಕೊನೆಯಲ್ಲಿ ಅವಳಿಗೆ ಕೊಟ್ಟ ಶಿಕ್ಷೆ ಜಾಸ್ತಿಯಾಯಿತು ಎಂದು ನನಗೆ ಈಗಲೂ ಅನಿಸುತ್ತದೆ, ಅದು ಬೇರೆ ಜಗಳ. ಆದರೆ ಅಲ್ಲಿ ಮಾಡಿದ್ದಕ್ಕೆ ಬೆಲೆ ಇತ್ತು.

ವಯಸ್ಕರ ಸಿನಿಮಾ ಬೇಡ ಎಂದು ನಾನು ಹೇಳುವುದಿಲ್ಲ. ‘ಎ’ ಸರ್ಟಿಫಿಕೇಟ್ ಇರುವುದೇ ಹದಿನೆಂಟು ದಾಟಿದವರಿಗೆ. ಹದಿನೆಂಟು ದಾಟಿದವರಿಗೆ ಮಕ್ಕಳ ಕಥೆಗಿಂತ ತೆಳುವಾದ ಕಥೆ ಕೊಟ್ಟರೆ ಹೇಗೆ ಎಂಬುದಷ್ಟೇ ನನ್ನ ದೂರು.

ನಿಮ್ಮ ಲೇಖಕರು ಸರಣಿಯುದ್ದಕ್ಕೂ ನಾಯಕಿ ಹಂತಹಂತವಾಗಿ ಬೆಳೆಯುತ್ತಾಳೆ ಎಂದು ಬರೆದಿದ್ದಾರೆ. ಮೂರನೆಯದನ್ನು ಬಿಟ್ಟು ಬೇರೆ ಎಲ್ಲಿ, ಯಾವ ಸಿನಿಮಾದ ಎಷ್ಟನೇ ನಿಮಿಷದಲ್ಲಿ ಎಂದು ದಯವಿಟ್ಟು ತಿಳಿಸಲು ಹೇಳಿ. ಆ ಜಾಗ ಹಾಕಿ ಇನ್ನೊಮ್ಮೆ ನೋಡುತ್ತೇನೆ. ಡಿಸ್ಕುಗಳು ಶುಕ್ರವಾರದವರೆಗೆ ನನ್ನ ಹತ್ತಿರವೇ ಇರುತ್ತವೆ.

ಇತಿ,
ಒಬ್ಬ ನಿವೃತ್ತ ಸಿನಿಮಾ ಆಪರೇಟರ್
ಶ್ರೀರಾಮಪುರ, ಬೆಂಗಳೂರು